ಪೆನ್‌ಡ್ರೈವ್‌ನಲ್ಲಿರುವ ಆ ಸೆಟಪ್ ಫೈಲ್ ನಿಜಕ್ಕೂ ಯಾವುದು? ಹ್ಯಾಶ್ ಹಿಡಿದು ಪತ್ತೆ ಮಾಡುವುದು ಹೀಗೆ

ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಯಾರನ್ನು ಕೇಳಿದರೂ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆಯುತ್ತಾರೆ. ಅದರೊಳಗೆ ಸಾಫ್ಟ್‌ವೇರ್ ಅಂತ ಒಂದು ಫೋಲ್ಡರ್. ಅದರಲ್ಲಿ ‘ಸೆಟಪ್’, ‘ಸೆಟಪ್ 1’, ‘ನುಡಿ ಹೊಸದು’, ‘ನುಡಿ ಫೈನಲ್’, ‘ಪ್ರಿಂಟರ್ ಡ್ರೈವರ್ ವರ್ಕಿಂಗ್’ ಅಂತೆಲ್ಲ ಹೆಸರಿನ ಫೈಲುಗಳು. ಯಾವುದು ಎಲ್ಲಿಂದ ಬಂತು ಅಂತ ಇಟ್ಟುಕೊಂಡವರಿಗೂ ನೆನಪಿರುವುದಿಲ್ಲ. ಐಜಿ ರೋಡಿನ ಯಾವುದೋ ಜೆರಾಕ್ಸ್ ಅಂಗಡಿಯಲ್ಲಿ ಕಾಪಿ ಆಗಿ, ಅಲ್ಲಿಂದ ಆಲ್ದೂರಿನ ಎಸ್ಟೇಟ್ ಆಫೀಸಿಗೆ ಹೋಗಿ, ರೈಟರ್ ಕೈಯಿಂದ ಮೂಡಿಗೆರೆಯ ಇನ್ನೊಂದು ಕಂಪ್ಯೂಟರಿಗೆ ಹತ್ತಿ, ಕೊನೆಗೆ ನಿಮ್ಮ ಹತ್ತಿರ ಬಂದಿರುತ್ತದೆ.

ಇಂಥ ಫೈಲಿನ ಹೆಸರನ್ನು ನಂಬುವ ಹಾಗಿಲ್ಲ, ಯಾರು ಬೇಕಾದರೂ ಬದಲಾಯಿಸಬಹುದು. ತಾರೀಖು ಕೂಡ ಹಾಗೇ. ಐಕಾನ್ ನೋಡಿ ನಂಬುವುದಂತೂ ಬೇಡವೇ ಬೇಡ. ಸೈಜ್ ಸ್ವಲ್ಪ ಸಹಾಯಕ್ಕೆ ಬರುತ್ತದೆ, ಅಷ್ಟೇ. ನಂಬಬಹುದಾದ ಗುರುತು ಒಂದೇ, ಫೈಲಿನ ಹ್ಯಾಶ್, ಅಂದರೆ ಒಳಗಿರುವ ಬೈಟುಗಳಿಂದ ಲೆಕ್ಕ ಹಾಕಿ ತೆಗೆದ ಸಂಖ್ಯೆ. ಆ ಹ್ಯಾಶ್ ತೆಗೆಯುವುದು, ಅದನ್ನು ಎಲ್ಲಿ ಹುಡುಕುವುದು, ಸಿಕ್ಕ ಉತ್ತರವನ್ನು ಎಷ್ಟು ನಂಬುವುದು, ಇದು ಈ ಬರಹದ ವಿಷಯ. ಮೊದಲೇ ಒಂದು ಮಾತು: ಹ್ಯಾಶ್ ನಿಮಗೆ ‘ಇದು ಯಾವ ಫೈಲ್’ ಅಂತ ಹೇಳುತ್ತದೆ. ‘ಇದು ಒಳ್ಳೆಯ ಫೈಲಾ’ ಅಂತ ಹೇಳುವುದಿಲ್ಲ. ಈ ಎರಡನ್ನೂ ಕಲಸಿಕೊಂಡರೆ ಮುಂದೆ ಓದುವುದೆಲ್ಲ ತಪ್ಪು ಅರ್ಥ ಕೊಡುತ್ತದೆ.

ಇನ್ನೊಂದು ಸೂಚನೆ. ಕಮಾಂಡ್‌ಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಹ್ಯಾಶ್ ಅಂದರೆ ಏನು, ಎಷ್ಟು ಉದ್ದ

ಫೈಲಿನ ಪ್ರತಿಯೊಂದು ಬೈಟನ್ನೂ ಒಂದು ಲೆಕ್ಕಕ್ಕೆ ಹಾಕಿ ತೆಗೆದ ಸಂಖ್ಯೆ ಅದು. ಹೆಬ್ಬೆಟ್ಟಿನ ಗುರುತಿನ ಥರ ಅಂದುಕೊಳ್ಳಿ, ಗುರುತಿನಿಂದ ಮನುಷ್ಯನನ್ನು ಮತ್ತೆ ಹುಟ್ಟಿಸುವುದಕ್ಕೆ ಆಗುವುದಿಲ್ಲ, ಆದರೆ ಎದುರಿಗೆ ನಿಂತವನು ಅವನೇನಾ ಅಂತ ನೋಡಬಹುದು. ಫೈಲ್ 2 ಕೆಬಿ ಇರಲಿ 4 ಜಿಬಿ ಇರಲಿ, ಹ್ಯಾಶ್‌ನ ಉದ್ದ ಒಂದೇ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ, ‘ಸ್ವಲ್ಪ ಹೋಲುತ್ತದೆ’ ಅನ್ನುವ ಮಾತೇ ಇಲ್ಲ. ಫೈಲಿನ ಹೆಸರು ಬದಲಾಯಿಸಿದರೆ, ಬೇರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಹ್ಯಾಶ್ ಬದಲಾಗುವುದಿಲ್ಲ. ಜಿಪ್ ಮಾಡಿದರೆ ಮಾತ್ರ ಆ ಜಿಪ್ ಫೈಲಿಗೆ ಬೇರೆಯದೇ ಹ್ಯಾಶ್.

ಯಾವ ಹ್ಯಾಶ್ ಅಂತ ಉದ್ದ ನೋಡಿಯೇ ಹೇಳಬಹುದು. 0ಯಿಂದ 9 ಮತ್ತು ಎ ಇಂದ ಎಫ್‌ವರೆಗಿನ ಅಕ್ಷರಗಳಲ್ಲಿ ಬರೆದಾಗ ಎಂಡಿ5 ಅಂದರೆ 32 ಅಕ್ಷರ, ಶಾ-1 ಅಂದರೆ 40, ಶಾ-256 ಅಂದರೆ 64, ಶಾ-512 ಅಂದರೆ 128. ಯಾರಾದರೂ ವಾಟ್ಸಾಪ್‌ನಲ್ಲಿ ಒಂದು ಹ್ಯಾಶ್ ಕಳಿಸಿ ‘ಇದು ಮ್ಯಾಚ್ ಆಗ್ತಿಲ್ಲ ಸಾರ್’ ಅಂದರೆ ಮೊದಲು ಉದ್ದ ಎಣಿಸಿ. ಎಷ್ಟೋ ಸಲ ಅವರು ಒಂದು ಕಡೆ ಶಾ-1 ತೆಗೆದು ಇನ್ನೊಂದು ಕಡೆಯ ಶಾ-256 ಜೊತೆ ಹೋಲಿಸುತ್ತಿರುತ್ತಾರೆ. ಅಕ್ಷರ ದೊಡ್ಡದೋ ಚಿಕ್ಕದೋ ಅನ್ನುವುದು ಲೆಕ್ಕಕ್ಕಿಲ್ಲ. ವಿಂಡೋಸ್ ದೊಡ್ಡ ಅಕ್ಷರದಲ್ಲಿ ತೋರಿಸಬಹುದು, ಲಿನಕ್ಸ್ ಚಿಕ್ಕದರಲ್ಲಿ, ಎರಡೂ ಒಂದೇ.

ಈಗ ಹ್ಯಾಶ್ ತೆಗೆಯೋಣ

ಫೈಲನ್ನು ತೆರೆಯಬೇಡಿ, ಡಬಲ್ ಕ್ಲಿಕ್ ಮಾಡಬೇಡಿ. ಹ್ಯಾಶ್ ತೆಗೆಯುವುದಕ್ಕೆ ಅದನ್ನು ಓಡಿಸುವ ಅಗತ್ಯ ಇಲ್ಲವೇ ಇಲ್ಲ.

ವಿಂಡೋಸ್ 10 ಅಥವಾ 11 ಇದ್ದರೆ ಫೈಲ್ ಇರುವ ಫೋಲ್ಡರ್‌ನಲ್ಲಿ ಪವರ್‌ಶೆಲ್ ತೆರೆದು ‘ಗೆಟ್-ಫೈಲ್‌ಹ್ಯಾಶ್’ ಅಂತ ಬರೆದು, ಒಂದು ಜಾಗ ಬಿಟ್ಟು ಫೈಲಿನ ಹೆಸರು ಕೊಡಿ. ಹೆಸರಿನ ಮಧ್ಯೆ ಜಾಗ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಬೇರೆ ಏನೂ ಹೇಳದಿದ್ದರೆ ಅದು ಶಾ-256 ಕೊಡುತ್ತದೆ, ನಮಗೆ ಬೇಕಾಗಿರುವುದೂ ಅದೇ. ಹೋಲಿಸುವುದನ್ನು ಕಣ್ಣಿಗೆ ಬಿಡಬೇಡಿ. ಎರಡೂ ಹ್ಯಾಶ್‌ಗಳನ್ನು ಉದ್ಧರಣ ಚಿಹ್ನೆಯೊಳಗೆ ಪೇಸ್ಟ್ ಮಾಡಿ ನಡುವೆ ‘ಮೈನಸ್ ಇಕ್ಯೂ’ ಹಾಕಿದರೆ ಪವರ್‌ಶೆಲ್ ಟ್ರೂ ಅಥವಾ ಫಾಲ್ಸ್ ಅಂತ ಉತ್ತರ ಕೊಡುತ್ತದೆ. ದೊಡ್ಡಕ್ಷರ ಚಿಕ್ಕಕ್ಷರದ ತಲೆನೋವೂ ಇರುವುದಿಲ್ಲ.

ನಮ್ಮ ಕಡೆ ಇನ್ನೂ ವಿಂಡೋಸ್ 7 ಓಡುತ್ತಿರುವ ಕಂಪ್ಯೂಟರ್‌ಗಳಿವೆ, ಚೆಕ್‌ರೋಲ್ (ಕೆಲಸಗಾರರ ಹಾಜರಿ, ಸಂಬಳದ ಲೆಕ್ಕ) ಸಾಫ್ಟ್‌ವೇರ್ ಅದರಲ್ಲೇ ಓಡುವುದು ಅಂತ ಇಟ್ಟುಕೊಂಡ ಎಸ್ಟೇಟ್ ಆಫೀಸುಗಳು. ಅದರ ಜೊತೆ ಬಂದ ಹಳೆಯ ಪವರ್‌ಶೆಲ್‌ನಲ್ಲಿ ಈ ಕಮಾಂಡ್ ಇಲ್ಲ. ಅಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಸರ್ಟ್‌ಯುಟಿಲ್’, ಜಾಗ, ‘ಮೈನಸ್ ಹ್ಯಾಶ್‌ಫೈಲ್’, ಜಾಗ, ಫೈಲಿನ ಹೆಸರು, ಜಾಗ, ‘ಶಾ256’ ಅಂತ ಕೊಡಿ. ಕೊನೆಯ ಪದ ಬಿಟ್ಟರೆ ಅದು ಶಾ-1 ಕೊಟ್ಟುಬಿಡುತ್ತದೆ. ವಿಂಡೋಸ್ 7ರಲ್ಲಿ ಉತ್ತರ ಎರಡೆರಡು ಅಕ್ಷರಕ್ಕೆ ಜಾಗ ಬಿಟ್ಟು ಬರುತ್ತದೆ, ಆ ಜಾಗಗಳನ್ನು ತೆಗೆದು ಹುಡುಕಿ, ಇಲ್ಲದಿದ್ದರೆ ಎಲ್ಲೂ ಸಿಗುವುದಿಲ್ಲ.

ಕಮಾಂಡ್ ಅಂದರೆ ಆಗದು ಅನ್ನುವವರಿಗೆ 7-ಜಿಪ್ ಇದೆ. ಅದನ್ನು ಹಾಕಿದ ಮೇಲೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಸಿಆರ್‌ಸಿ ಶಾ’ ಅಂತ ಒಂದು ಮೆನು ಬರುತ್ತದೆ, ಅಲ್ಲಿ ಶಾ-256 ಒತ್ತಿದರೆ ಆಯಿತು. ವಿಂಡೋಸ್ 11ರಲ್ಲಿ ಮೆನು ಕಾಣದಿದ್ದರೆ ‘ಶೋ ಮೋರ್ ಆಪ್ಷನ್ಸ್’ ಒಳಗೆ ನೋಡಿ. ಲಿನಕ್ಸ್‌ನಲ್ಲಿ ‘ಶಾ256ಸಮ್’, ಮ್ಯಾಕ್‌ನಲ್ಲಿ ‘ಶಾಸಮ್ ಮೈನಸ್ ಎ 256’. ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಅನ್ನುವ ಕಮಾಂಡ್ ಆ್ಯಪ್ ಇದ್ದರೆ ಲಿನಕ್ಸ್‌ನ ಕಮಾಂಡೇ ನಡೆಯುತ್ತದೆ.

ಹುಡುಕುವುದಕ್ಕೆ ಮುಂಚೆ ಒಂದು ಚೆಕ್. ನಿಮ್ಮ ಶಾ-256 ಹ್ಯಾಶ್ ‘ಇ3ಬಿ0ಸಿ442’ ಅಂತ ಶುರುವಾಗಿದೆಯಾ? ಎಂಡಿ5 ಆದರೆ ‘ಡಿ41ಡಿ8ಸಿಡಿ9’ ಅಂತ? ಹಾಗಿದ್ದರೆ ನಿಮ್ಮ ಕೈಯಲ್ಲಿರುವುದು ಖಾಲಿ ಫೈಲ್. ಸೊನ್ನೆ ಬೈಟ್‌ನ ಹ್ಯಾಶ್ ಯಾವಾಗಲೂ ಅದೇ. ಇದನ್ನು ಎಲ್ಲಾದರೂ ಹುಡುಕಿದರೆ ಸಾವಿರ ಹೆಸರು ಬರುತ್ತವೆ, ಏಕೆಂದರೆ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಒಂದೆರಡು ಖಾಲಿ ಫೈಲುಗಳಿರುತ್ತವೆ. ಮಳೆಗಾಲದಲ್ಲಿ ಕೊಟ್ಟಿಗೆಹಾರದ ಕಡೆ ಕರೆಂಟೂ ಇಲ್ಲ ನೆಟ್ಟೂ ಇಲ್ಲ ಅನ್ನುವ ದಿನಗಳಲ್ಲಿ ಅರ್ಧಕ್ಕೆ ನಿಂತ ಡೌನ್‌ಲೋಡ್‌ಗಳು ಇನ್ನೊಂದು ಕಥೆ. ಅರ್ಧ ಇಳಿದ ಫೈಲಿಗೂ ಹ್ಯಾಶ್ ಬಂದೇ ಬರುತ್ತದೆ, ಆದರೆ ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆದ್ದರಿಂದ ಸಿಗಲಿಲ್ಲ ಅಂದ ಕೂಡಲೇ ವೈರಸ್ ಅಂತ ಗಾಬರಿ ಬೀಳುವ ಮುಂಚೆ ಸೈಜ್ ಸರಿ ಇದೆಯಾ ನೋಡಿ.

ಎಲ್ಲಿ ಹುಡುಕುವುದು

ಮೊದಲ ಜಾಗ ಯಾವಾಗಲೂ ಆ ಸಾಫ್ಟ್‌ವೇರ್ ಮಾಡಿದವರ ಸೈಟೇ. ವಿಎಲ್‌ಸಿಯವರು ಡೌನ್‌ಲೋಡ್ ಪಕ್ಕದಲ್ಲೇ ಶಾ-256 ಕೊಡುತ್ತಾರೆ, ಉಬುಂಟು, ಡೆಬಿಯನ್‌ನಂಥ ಲಿನಕ್ಸ್‌ನವರು ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್‌ನ ಪೂರ್ತಿ ಪ್ರತಿ ಇರುವ ಫೈಲ್) ಜೊತೆಗೆ ಹ್ಯಾಶ್‌ಗಳ ಒಂದು ಫೈಲ್ ಇಟ್ಟಿರುತ್ತಾರೆ. ಆದರೆ ಇದಕ್ಕೆ ಫೈಲ್ ಯಾವುದು ಅನ್ನುವ ಅಂದಾಜು ಮೊದಲೇ ಇರಬೇಕು. ‘ಸೆಟಪ್ 1’ ಅನ್ನುವ ಫೈಲಿಗೆ ಯಾರ ಸೈಟಿಗೆ ಹೋಗುತ್ತೀರಿ?

ಅದಕ್ಕೇ ಉಲ್ಟಾ ಹುಡುಕಾಟ, ಹ್ಯಾಶ್ ಕೊಟ್ಟು ಹೆಸರು ಕೇಳುವುದು. ಜಾಸ್ತಿ ಜನಕ್ಕೆ ಗೊತ್ತಿರುವುದು ವೈರಸ್‌ಟೋಟಲ್. 2004ರಲ್ಲಿ ಸ್ಪೇನ್‌ನಲ್ಲಿ ಶುರುವಾಗಿ 2012ರಲ್ಲಿ ಗೂಗಲ್ ಕೈಗೆ ಬಂದ ಸೇವೆ. ಇಲ್ಲಿ ಎಲ್ಲರೂ ಮಾಡುವ ಕೆಲಸ ಫೈಲನ್ನೇ ಅಪ್‌ಲೋಡ್ ಮಾಡುವುದು. ಅದನ್ನು ಮಾಡಬೇಡಿ. ‘ಸರ್ಚ್’ ಅನ್ನುವ ಟ್ಯಾಬ್ ಇದೆ, ಅಲ್ಲಿ ಹ್ಯಾಶ್ ಪೇಸ್ಟ್ ಮಾಡಿದರೆ ಸಾಕು. ಅಪ್‌ಲೋಡ್ ಮಾಡಿದ ಫೈಲ್ ನಿಮ್ಮ ಕೈ ತಪ್ಪಿದ ಹಾಗೇ, ಅದನ್ನು ಅಲ್ಲಿನ ಪಾಲುದಾರರೂ ಚಂದಾದಾರರೂ ನೋಡಬಹುದು. ಪ್ರಿಂಟರ್ ಡ್ರೈವರ್ ಆದರೆ ಚಿಂತೆಯಿಲ್ಲ, ಆದರೆ ಅದೇ ಫೋಲ್ಡರ್‌ನಲ್ಲಿ ಸೊಸೈಟಿಯ ಸಾಲದ ಪಟ್ಟಿಯೋ ಎಸ್ಟೇಟಿನ ಸಂಬಳದ ಲೆಕ್ಕವೋ ಜಿಪ್ ಆಗಿ ಕೂತಿದ್ದರೆ? ಹ್ಯಾಶ್ ಕಳಿಸಿದರೆ ಒಳಗಿರುವುದು ಯಾರಿಗೂ ಕಾಣುವುದಿಲ್ಲ.

ಉತ್ತರ ಬಂದ ಮೇಲೆ ‘ಎಷ್ಟು ಆಂಟಿವೈರಸ್ ಕೆಂಪು ತೋರಿಸಿದವು’ ಅಂತ ಮಾತ್ರ ನೋಡಿ ಮುಚ್ಚುವವರೇ ಜಾಸ್ತಿ. ನನಗೆ ಅದಕ್ಕಿಂತ ‘ಡೀಟೇಲ್ಸ್’ ಟ್ಯಾಬ್ ಮುಖ್ಯ. ಅಲ್ಲಿ ಈ ಫೈಲ್ ಯಾವ ಯಾವ ಹೆಸರಲ್ಲಿ ಓಡಾಡಿದೆ, ಡಿಜಿಟಲ್ ಸಹಿ (ಮಾಡಿದವರು ಫೈಲಿಗೆ ಹಾಕುವ ಮುದ್ರೆ) ಯಾರದು, ಮೊದಲ ಸಲ ಯಾವ ದಿನ ಯಾರೋ ಕಳಿಸಿದರು ಅಂತೆಲ್ಲ ಇರುತ್ತದೆ. ಆ ಮೊದಲ ದಿನದ ತಾರೀಖು ಬಹಳ ಮಾತಾಡುತ್ತದೆ. ಉದಾಹರಣೆಗೆ ನಿಮ್ಮ ಹತ್ತಿರ ‘ವಿಎಲ್‌ಸಿ’ ಅನ್ನುವ ಹೆಸರಿನ, ವರ್ಷಗಳ ಹಿಂದಿನ ವರ್ಷನ್‌ನ ಒಂದು ಇನ್‌ಸ್ಟಾಲರ್ ಇದೆ. ಅದು ನಿಜವಾದದ್ದೇ ಆಗಿದ್ದರೆ ಬಿಡುಗಡೆಯಾದ ಒಂದೆರಡು ದಿನದಲ್ಲೇ ಜಗತ್ತಿನ ಯಾವುದೋ ಮೂಲೆಯಿಂದ ಯಾರೋ ಅದನ್ನು ಕಳಿಸಿರುತ್ತಾರೆ. ಕೋಟಿಗಟ್ಟಲೆ ಜನ ಇಳಿಸಿಕೊಂಡ ಫೈಲ್ ಅಂತ ಹೇಳಿಕೊಳ್ಳುವುದು, ಆದರೆ ಇದುವರೆಗೆ ಯಾರೂ ನೋಡೇ ಇಲ್ಲ, ಇಲ್ಲವೇ ಮೊನ್ನೆ ಮೊನ್ನೆ ಮೊದಲ ಸಲ ಕಾಣಿಸಿಕೊಂಡಿದೆ. ಆಗ ಒಂದು ಆಂಟಿವೈರಸ್ಸೂ ಕೆಂಪು ತೋರಿಸದಿದ್ದರೂ ನಾನು ಅದನ್ನು ಮುಟ್ಟುವುದಿಲ್ಲ.

ಎರಡನೆಯದು ಅಷ್ಟು ಹೆಸರು ಮಾಡಿಲ್ಲ, ಆದರೆ ಈ ಕೆಲಸಕ್ಕೆಂದೇ ಇರುವುದು. ಲಕ್ಸೆಂಬರ್ಗ್‌ನ ಸಿರ್ಕಲ್ ಅನ್ನುವ ಸೈಬರ್ ಭದ್ರತಾ ತಂಡ ನಡೆಸುವ ಹ್ಯಾಶ್‌ಲುಕಪ್. ದುಡ್ಡಿಲ್ಲ, ಅಕೌಂಟ್ ಬೇಡ. ಬ್ರೌಸರ್‌ನಲ್ಲಿ ಹ್ಯಾಶ್‌ಲುಕಪ್ ಡಾಟ್ ಸಿರ್ಕಲ್ ಡಾಟ್ ಎಲ್‌ಯು, ಸ್ಲ್ಯಾಶ್, ಲುಕಪ್, ಸ್ಲ್ಯಾಶ್, ಶಾ256, ಸ್ಲ್ಯಾಶ್, ಆಮೇಲೆ ನಿಮ್ಮ ಹ್ಯಾಶ್. ಎಂಡಿ5, ಶಾ-1 ಇದ್ದರೆ ನಡುವಿನ ಪದ ಬದಲಾಯಿಸಿ. ನೋಡುವುದಕ್ಕೆ ಚೆಂದ ಇಲ್ಲ, ಕಚ್ಚಾ ಅಕ್ಷರಗಳ ಉತ್ತರ ಬರುತ್ತದೆ. ಅದರಲ್ಲಿ ಫೈಲಿನ ಹೆಸರು, ಸೈಜ್, ಬೇರೆ ಹ್ಯಾಶ್‌ಗಳು, ಯಾವ ಪಟ್ಟಿಯಿಂದ ಸಿಕ್ಕಿತು ಅನ್ನುವುದು, ಮತ್ತೆ ಕೆಲವಕ್ಕೆ ‘ಪೇರೆಂಟ್ಸ್’ ಅಂತ ಒಂದು ಭಾಗ ಇರುತ್ತದೆ. ಪೇರೆಂಟ್ಸ್ ಅಂದರೆ ಈ ಫೈಲ್ ಯಾವ ಪ್ಯಾಕೇಜಿನ ಒಳಗಿತ್ತು ಅನ್ನುವುದು. ಒಂದು ಒಂಟಿ ಡಿಎಲ್‌ಎಲ್ ಫೈಲೋ ಲಿನಕ್ಸ್‌ನ ಒಂದು ಲೈಬ್ರರಿಯೋ ಸಿಕ್ಕಿ ಇದು ಎಲ್ಲಿಂದ ಬಂತಪ್ಪಾ ಅಂತ ತಲೆ ಕೆರೆದುಕೊಳ್ಳುವಾಗ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಜೊತೆಗೆ 0 ಇಂದ 100ರವರೆಗಿನ ಒಂದು ನಂಬಿಕೆಯ ಅಂಕವೂ ಇರುತ್ತದೆ. 50 ಅಂದರೆ ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ, ಜಾಸ್ತಿ ಪಟ್ಟಿಗಳಲ್ಲಿ ಸಿಕ್ಕಿದಷ್ಟೂ ಅಂಕ ಏರುತ್ತದೆ.

ಈ ಹ್ಯಾಶ್‌ಲುಕಪ್‌ನ ಹಿಂದೆ ಇರುವ ದೊಡ್ಡ ಪಟ್ಟಿಗಳಲ್ಲಿ ಒಂದು ಅಮೆರಿಕ ಸರಕಾರದ ಮಾನದಂಡಗಳ ಸಂಸ್ಥೆ ನಿಸ್ಟ್‌ನದು. ಎನ್‌ಎಸ್‌ಆರ್‌ಎಲ್ ಅನ್ನುತ್ತಾರೆ. ಅವರು ಸಾಫ್ಟ್‌ವೇರ್‌ಗಳನ್ನು ಸಂಗ್ರಹಿಸಿ ಅದರೊಳಗಿನ ಒಂದೊಂದು ಫೈಲಿನ ಹ್ಯಾಶ್ ತೆಗೆದು ಪಟ್ಟಿ ಮಾಡಿ, ಮೂರು ತಿಂಗಳಿಗೊಮ್ಮೆ ಹೊಸದನ್ನು ಹೊರಗೆ ಬಿಡುತ್ತಾರೆ. ಇದು ಹುಟ್ಟಿದ್ದು ಪೊಲೀಸ್ ತನಿಖೆಯ ಅನುಕೂಲಕ್ಕೆ. ವಶಪಡಿಸಿಕೊಂಡ ಹಾರ್ಡ್‌ಡಿಸ್ಕ್‌ನಲ್ಲಿ ಲಕ್ಷಗಟ್ಟಲೆ ಫೈಲ್ ಇರುತ್ತವೆ, ಅದರಲ್ಲಿ ವಿಂಡೋಸ್ ಜೊತೆ ಬಂದವು, ಆಫೀಸ್ ಜೊತೆ ಬಂದವು ಇವನ್ನೆಲ್ಲ ಹ್ಯಾಶ್ ನೋಡಿ ಪಕ್ಕಕ್ಕಿಟ್ಟರೆ ಉಳಿದದ್ದನ್ನು ಮಾತ್ರ ನೋಡಿದರಾಯಿತು. ಪೂರ್ತಿ ಪಟ್ಟಿಯನ್ನು ಡೇಟಾಬೇಸ್ ಆಗಿ ಇಳಿಸಿಕೊಳ್ಳಬಹುದು, ಆದರೆ ಅದು ಎಷ್ಟೋ ಜಿಬಿ. ನಮ್ಮ ಕೆಲಸಕ್ಕೆ ಅಷ್ಟೆಲ್ಲ ಬೇಡ.

ಡೆವಲಪರ್‌ಗಳಿಗೆ ಬೇರೆ ಬಾಗಿಲುಗಳಿವೆ. ಜಾವಾದ ಜಾರ್ ಫೈಲ್ (ಜಾವಾ ಕೋಡ್ ಕಟ್ಟಿಟ್ಟ ಫೈಲ್) ಆದರೆ ಜಾವಾ ಲೈಬ್ರರಿಗಳ ಭಂಡಾರವಾದ ಮೇವನ್ ಸೆಂಟ್ರಲ್‌ನ ಹಳೆಯ ಹುಡುಕಾಟದಲ್ಲಿ ‘1’, ಕೋಲನ್, ಶಾ-1 ಕೊಟ್ಟರೆ ಅದು ಯಾವ ಲೈಬ್ರರಿಯ ಯಾವ ವರ್ಷನ್ ಅಂತ ಹೇಳುತ್ತದೆ. ಡೆಪ್ಸ್ ಡಾಟ್ ಡೆವ್ ಅನ್ನುವ ಗೂಗಲ್‌ನ ಸೇವೆಯಲ್ಲೂ ಹ್ಯಾಶ್ ಕೊಟ್ಟು ಪ್ಯಾಕೇಜ್ ಕೇಳಬಹುದು, ಆದರೆ ಅದಕ್ಕೆ ಹ್ಯಾಶನ್ನು ಬೇಸ್64 ಅನ್ನುವ ಬೇರೆ ಬರವಣಿಗೆಯ ರೂಪದಲ್ಲಿ ಕೊಡಬೇಕು. ಡೆಬಿಯನ್‌ನ ಸ್ನ್ಯಾಪ್‌ಶಾಟ್ ಸೈಟ್ ಹಳೆಯ ಪ್ಯಾಕೇಜುಗಳನ್ನು ಶಾ-1 ಹಿಡಿದೇ ಇಟ್ಟುಕೊಂಡಿದೆ, ಯಾವಾಗಿನ ಡೆಬ್ ಫೈಲ್ (ಡೆಬಿಯನ್‌ನ ಪ್ಯಾಕೇಜ್ ಫೈಲ್) ಅಂತ ಅಲ್ಲಿ ಗೊತ್ತಾಗುತ್ತದೆ.

ಜಾರ್ ಫೈಲಿನ ಮಾತು ಬಂದದ್ದಕ್ಕೆ ಒಂದು ವಿಷಯ. 2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ಅನ್ನುವ ತೂತು ಹೊರಬಂದಾಗ ಎಲ್ಲರ ಪ್ರಶ್ನೆ ಒಂದೇ, ನಮ್ಮ ಸರ್ವರ್‌ನಲ್ಲಿ ಆ ತೂತಿದ್ದ ಲಾಗ್4ಜೆ ಅನ್ನುವ ಜಾವಾ ಲೈಬ್ರರಿ ಎಲ್ಲಿದೆ? ಹೆಸರು ಹಿಡಿದು ಹುಡುಕಿದರೆ ಸಾಲದು, ಯಾರೋ ‘ಲಿಬ್ 3’ ಅಂತ ಹೆಸರಿಟ್ಟಿರುತ್ತಾರೆ. ತೂತಿದ್ದ ವರ್ಷನ್‌ಗಳ ಹ್ಯಾಶ್ ಪಟ್ಟಿ ಇಟ್ಟುಕೊಂಡು ಇಡೀ ಡಿಸ್ಕನ್ನು ಜಾಲಾಡಿದರೆ ಹೆಸರು ಬದಲಾಯಿಸಿದ್ದೂ ಸಿಗುತ್ತದೆ. ಆದರೆ ಒಂದು ಜಾರ್ ಒಳಗೆ ಇನ್ನೊಂದು ಜಾರ್ ಇದ್ದರೆ ಹೊರಗಿನದರ ಹ್ಯಾಶ್‌ನಿಂದ ಒಳಗಿನದು ತಿಳಿಯುವುದಿಲ್ಲ, ಬಿಚ್ಚಿ ಬಿಚ್ಚಿ ನೋಡಬೇಕು. ಹಾಸನ, ಚಿಕ್ಕಮಗಳೂರಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆ ಏನಾದರೂ ಹುಡುಕುತ್ತಿದ್ದರೆ ಇದನ್ನು ಮಾಡುವ ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ, ಫೇಸ್ ರೆಕಗ್ನಿಷನ್ ಅಟೆಂಡೆನ್ಸ್ ಇನ್ನೊಂದು ಬೇಡ.

ಸಿಕ್ಕಿತು, ಹಾಗಾದರೆ ಹಾಕಬಹುದಾ?

ಇಲ್ಲೇ ಎಲ್ಲರೂ ಎಡವುವುದು. ಪಟ್ಟಿಯಲ್ಲಿ ಸಿಕ್ಕಿತು ಅಂದರೆ ಗೊತ್ತಿರುವ ಫೈಲ್ ಅಂತ ಮಾತ್ರ ಅರ್ಥ. ಎನ್‌ಎಸ್‌ಆರ್‌ಎಲ್ ಪಟ್ಟಿಯಲ್ಲಿ ಹ್ಯಾಕಿಂಗ್ ಸ್ಕ್ರಿಪ್ಟ್‌ಗಳೂ ಇವೆ, ಅದನ್ನು ಅವರೇ ಹೇಳಿಕೊಂಡಿದ್ದಾರೆ. ಅವೂ ಸಾಫ್ಟ್‌ವೇರೇ ಅಲ್ವಾ?

ಇನ್ನೂ ಸೂಕ್ಷ್ಮವಾದದ್ದು ಮಾಡಿದವರ ಮನೆಯಲ್ಲೇ ಕೆಟ್ಟ ಕೇಸುಗಳು. 2017ರಲ್ಲಿ ಕಂಪ್ಯೂಟರ್ ಸ್ವಚ್ಛ ಮಾಡುವ ಸಿಕ್ಲೀನರ್ ಸಾಫ್ಟ್‌ವೇರಿನ 5.33 ವರ್ಷನ್ ಬಂತು. ಅದರೊಳಗೆ ಮಾಲ್‌ವೇರ್ ಸೇರಿಕೊಂಡಿತ್ತು, ಕಂಪನಿಯ ಸರಿಯಾದ ಡಿಜಿಟಲ್ ಸಹಿಯೂ ಇತ್ತು, ಅವರ ಸೈಟಿನಿಂದಲೇ ಇಳಿಯುತ್ತಿತ್ತು. ಹ್ಯಾಶ್ ಹೋಲಿಸಿದ್ದರೆ ನೂರಕ್ಕೆ ನೂರು ಸರಿ ಬರುತ್ತಿತ್ತು. 2024ರ ಮಾರ್ಚ್‌ನಲ್ಲಿ ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸಲು ಬಳಸುವ ಎಕ್ಸ್‌ಝೆಡ್ ಯುಟಿಲ್ಸ್‌ನ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಸಿಕ್ಕಿದ್ದೂ ಹೀಗೇ. ಆಂಡ್ರೆಸ್ ಫ್ರಾಯಂಡ್ ಅನ್ನುವ ಇಂಜಿನಿಯರ್ ಲಾಗಿನ್ ಯಾಕೋ ಸ್ವಲ್ಪ ನಿಧಾನ ಆಗುತ್ತಿದೆ ಅಂತ ಬೆನ್ನು ಹತ್ತಿ ಹಿಡಿದರು, ಹ್ಯಾಶ್‌ನಿಂದ ಅಲ್ಲ. ಅಧಿಕೃತ ಟಾರ್ ಫೈಲಿನ (ಸೋರ್ಸ್ ಕೋಡ್ ಕಟ್ಟಿಟ್ಟ ಫೈಲ್) ಹ್ಯಾಶ್ ಸರಿಯಾಗೇ ಇತ್ತು, ಕೆಟ್ಟದ್ದು ಅದರೊಳಗೇ ಇತ್ತು. ಆದರೆ ಹ್ಯಾಶ್ ಉಪಯೋಗಕ್ಕೆ ಬಂದದ್ದು ಅದಾದ ಮೇಲೆ. ಯಾವ ವರ್ಷನ್ ಕೆಟ್ಟದ್ದು ಅಂತ ಗೊತ್ತಾದ ಕೂಡಲೇ ಯಾರ ಮಿಷನ್‌ನಲ್ಲಿ ಆ ಫೈಲ್ ಇದೆ ಅಂತ ಹುಡುಕುವುದಕ್ಕೆ ಹ್ಯಾಶ್‌ಗಿಂತ ನಿಖರವಾದದ್ದು ಇಲ್ಲ.

ಹ್ಯಾಶ್ ಎಲ್ಲಿಂದ ಓದಿದಿರಿ ಅನ್ನುವುದೂ ಮುಖ್ಯ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಸೈಟಿಗೇ ಕನ್ನ ಹಾಕಿ, 17.3 ಸಿನಮನ್ ಐಎಸ್‌ಒದ ಲಿಂಕನ್ನು ಹಿಂಬಾಗಿಲಿದ್ದ ಬೇರೆ ಐಎಸ್‌ಒ ಕಡೆಗೆ ತಿರುಗಿಸಿದ್ದರು. ಲಿಂಕ್ ಬದಲಾಯಿಸಬಲ್ಲವನು ಅದೇ ಪುಟದಲ್ಲಿರುವ ಹ್ಯಾಶನ್ನೂ ಬದಲಾಯಿಸಬಲ್ಲ. ಆದ್ದರಿಂದ ಫೈಲ್ ಒಂದು ಕಡೆಯಿಂದ ಬಂದರೆ ಹ್ಯಾಶ್ ಇನ್ನೊಂದು ಕಡೆಯಿಂದ ಓದಿ. ಸಾಧ್ಯ ಇದ್ದರೆ ಹ್ಯಾಶ್ ಪಟ್ಟಿಯ ಮೇಲಿನ ಜಿಪಿಜಿ ಸಹಿ (ಜಿಪಿಜಿ ಅನ್ನುವ ಟೂಲ್‌ನಿಂದ ಹಾಕಿದ ಡಿಜಿಟಲ್ ಸಹಿ) ಪರೀಕ್ಷಿಸಿ. ಡೆಬಿಯನ್, ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ ಆಪ್ಟ್ ಅನ್ನುವ ಟೂಲ್ ಈ ಕೆಲಸವನ್ನು ನೀವು ಕೇಳದೆಯೇ ಮಾಡುತ್ತದೆ. ‘ರಿಲೀಸ್’ ಫೈಲಿಗೆ ಸಹಿ, ಅದರೊಳಗೆ ‘ಪ್ಯಾಕೇಜಸ್’ ಫೈಲಿನ ಹ್ಯಾಶ್, ಅದರೊಳಗೆ ಒಂದೊಂದು ಡೆಬ್ ಫೈಲಿನ ಶಾ-256, ಹೀಗೆ ಕೊಂಡಿಗೆ ಕೊಂಡಿ. ಯಾರೋ ಕೊಟ್ಟ ಡೆಬ್ ಫೈಲ್ ನಿಮ್ಮ ಹತ್ತಿರ ಇದ್ದರೆ ‘ಆಪ್ಟ್-ಕ್ಯಾಶ್ ಶೋ’ ಕೊಟ್ಟು ಪ್ಯಾಕೇಜಿನ ಹೆಸರು ಹೇಳಿ, ಬಂದ ಶಾ-256 ಜೊತೆ ನಿಮ್ಮದನ್ನು ಹೋಲಿಸಿ.

ಸಿಗಲೇ ಇಲ್ಲ ಅಂದರೆ

ನಮ್ಮ ಕಡೆ ಇದೇ ಜಾಸ್ತಿ. ನುಡಿ, ಬರಹ, ಲೋಕಲ್‌ನವರು ಬರೆದ ಬಿಲ್ಲಿಂಗ್ ಪ್ರೋಗ್ರಾಂ, ತೂಕದ ಯಂತ್ರದ ಜೊತೆ ಸಿಡಿಯಲ್ಲಿ ಬಂದ ಡ್ರೈವರ್, ಇವುಗಳ ಯಾವುದೋ ಹಳೆಯ ವರ್ಷನ್ ಲಕ್ಸೆಂಬರ್ಗ್‌ನ ಪಟ್ಟಿಯಲ್ಲಿ ಇಲ್ಲದಿದ್ದರೆ ಆಶ್ಚರ್ಯ ಪಡಬೇಡಿ. ಕೆಲವು ಬ್ರೌಸರ್‌ಗಳ ಇನ್‌ಸ್ಟಾಲರ್‌ನಲ್ಲಿ ಯಾವ ಪುಟದಿಂದ ಇಳಿಸಿದಿರಿ ಅನ್ನುವ ಗುರುತು ಸೇರಿಸುವುದರಿಂದ ಸಾಚಾ ಫೈಲಿಗೇ ಬೇರೆ ಬೇರೆ ಹ್ಯಾಶ್ ಬರುವುದೂ ಉಂಟು. ಆಗ ಡಿಜಿಟಲ್ ಸಹಿಯನ್ನೇ ನೋಡಬೇಕು, ಫೈಲಿನ ಪ್ರಾಪರ್ಟೀಸ್‌ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಟ್ಯಾಬ್ ಇದೆಯಾ, ಹೆಸರು ಯಾರದು, ಸರಿ ಇದೆ ಅನ್ನುತ್ತದಾ ಅಂತ.

ಸಹಿಯೂ ಇಲ್ಲದಿದ್ದರೆ ಇನ್‌ಸ್ಟಾಲರನ್ನು ಓಡಿಸದೆ 7-ಜಿಪ್‌ನಿಂದ ಬಿಚ್ಚಿ. ಎಲ್ಲವೂ ಬಿಚ್ಚಿಕೊಳ್ಳುವುದಿಲ್ಲ, ಆದರೆ ಬಹಳಷ್ಟು ಬಿಚ್ಚಿಕೊಳ್ಳುತ್ತವೆ. ಒಳಗಿನ ಫೈಲುಗಳ ಹ್ಯಾಶ್ ಒಂದೊಂದಾಗಿ ಹುಡುಕಿ. ಡೌನ್‌ಲೋಡ್ ಸೈಟುಗಳು ಒಳ್ಳೆಯ ಸಾಫ್ಟ್‌ವೇರಿಗೆ ತಮ್ಮದೊಂದು ಹೊದಿಕೆ ಹಾಕಿ ಜೊತೆಗೆ ಬೇಡದ ಟೂಲ್‌ಬಾರ್ ತುರುಕಿರುತ್ತವೆ. ಅಂಥದ್ದರಲ್ಲಿ ಹತ್ತು ಫೈಲ್ ಗೊತ್ತಿರುವವು, ಎರಡು ಮಾತ್ರ ಯಾರಿಗೂ ಗೊತ್ತಿಲ್ಲದವು ಅಂತ ಕಾಣುತ್ತದೆ. ಆ ಎರಡೇ ಸಾಕು, ಫೈಲನ್ನು ಅಳಿಸಿ, ಸಾಫ್ಟ್‌ವೇರ್ ಯಾವುದು ಅಂತ ಹೇಗೂ ಗೊತ್ತಾಯಿತಲ್ಲ, ಮೂಲ ಸೈಟಿನಿಂದಲೇ ಇಳಿಸಿಕೊಳ್ಳಿ.

ಲೋಕಲ್ ಸಾಫ್ಟ್‌ವೇರಿಗೆ ಇನ್ನೊಂದು ದಾರಿ, ಸಂಬಂಧವೇ ಇಲ್ಲದ ಎರಡು ಕಡೆಯಿಂದ ಅದೇ ವರ್ಷನ್ ತರಿಸಿ ಹೋಲಿಸುವುದು. ಹಾಸನದ ಗೆಳೆಯನ ಹತ್ತಿರ ಸಿಡಿ ಇದ್ದರೆ ಫೈಲ್ ಕಳಿಸು ಅನ್ನಬೇಡಿ, ‘ಹ್ಯಾಶ್ ತೆಗೆದು ಕಳಿಸು ಮಾರಾಯ’ ಅನ್ನಿ. ಎರಡೂ ಒಂದೇ ಬಂದರೆ ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ ಅನ್ನುವುದಕ್ಕೆ ಒಂದು ಮಟ್ಟದ ಸಾಕ್ಷಿ. ಅವನೂ ನಿಮ್ಮ ಪೆನ್‌ಡ್ರೈವ್‌ನಿಂದಲೇ ಕಾಪಿ ಮಾಡಿಕೊಂಡಿದ್ದರೆ ಇದಕ್ಕೆ ಅರ್ಥವಿಲ್ಲ, ಅದನ್ನು ಮೊದಲು ಕೇಳಿ.

ವಾಟ್ಸಾಪ್‌ನಲ್ಲಿ ಬರುವ ಎಪಿಕೆ, ಅಂದರೆ ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮದುವೆ ಕರೆಯೋಲೆ ಎಪಿಕೆ ಆಗಿ ಬಂದರೆ ಹ್ಯಾಶ್ ತೆಗೆಯುವ ಅಗತ್ಯವೂ ಇಲ್ಲ, ಅಳಿಸಿ.

ಎಂಡಿ5 ಇನ್ನೂ ನಡೆಯುತ್ತದಾ?

ಹಳೆಯ ಪಟ್ಟಿಗಳಲ್ಲಿ ಎಂಡಿ5, ಶಾ-1 ಮಾತ್ರ ಇರುತ್ತವೆ, ಆದ್ದರಿಂದ ಈ ಪ್ರಶ್ನೆ ಬಂದೇ ಬರುತ್ತದೆ. 2004ರಲ್ಲಿ ಚೀನಾದ ವಾಂಗ್ ಷಿಯಾಯುನ್ ತಂಡ ಒಂದೇ ಎಂಡಿ5 ಬರುವ ಬೇರೆ ಬೇರೆ ಡೇಟಾ ತಯಾರಿಸಿ ತೋರಿಸಿತು. 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಒಂದೇ ಶಾ-1 ಇರುವ ಎರಡು ಪಿಡಿಎಫ್ ಹೊರಬಿಟ್ಟವು. 2012ರಲ್ಲಿ ಸಿಕ್ಕ ಫ್ಲೇಮ್ ಅನ್ನುವ ಮಾಲ್‌ವೇರ್ ಎಂಡಿ5ರ ಈ ದೌರ್ಬಲ್ಯ ಬಳಸಿಯೇ ಮೈಕ್ರೋಸಾಫ್ಟ್‌ನದು ಅನ್ನಿಸುವ ಸರ್ಟಿಫಿಕೇಟ್ ಮಾಡಿಕೊಂಡಿತ್ತು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಎರಡೂ ಫೈಲನ್ನು ತಾನೇ ತಯಾರಿಸಿ ಅವಕ್ಕೆ ಒಂದೇ ಹ್ಯಾಶ್ ಬರುವ ಹಾಗೆ ಮಾಡುವುದು ಒಂದು. ಇನ್ಯಾರೋ ವರ್ಷಗಳ ಹಿಂದೆ ಮಾಡಿಟ್ಟ ಫೈಲಿನ ಹ್ಯಾಶ್‌ಗೆ ಸರಿಯಾಗಿ ಕೂರುವ ಕಳ್ಳ ಫೈಲ್ ತಯಾರಿಸುವುದು ಇನ್ನೊಂದು. ಮೊದಲನೆಯದು ಎಂಡಿ5ರಲ್ಲಿ ಇವತ್ತು ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೂ ಆಗುತ್ತದೆ, ಎರಡನೆಯದು ಯಾರ ಕೈಯಲ್ಲೂ ಆಗಿಲ್ಲ. ಹಾಗಾಗಿ ಹಳೆಯ ಪಟ್ಟಿಯಲ್ಲಿರುವ ಹಳೆಯ ಫೈಲನ್ನು ಗುರುತಿಸುವುದಕ್ಕೆ ಎಂಡಿ5 ಇನ್ನೂ ಕೆಲಸ ಮಾಡುತ್ತದೆ. ಫೈಲ್ ಕೊಟ್ಟವನೇ ಎಂಡಿ5 ಕೊಟ್ಟು ‘ನೋಡಿ ಮ್ಯಾಚ್ ಆಗ್ತಿದೆ’ ಅಂದರೆ ಮಾತ್ರ ಅದಕ್ಕೆ ಬೆಲೆ ಇಲ್ಲ. ಹೊಸದಾಗಿ ಬರೆದಿಡುವುದಾದರೆ ಶಾ-256 ಬಿಟ್ಟು ಬೇರೆ ಬಳಸಬೇಡಿ.

ಮೊದಲ ನಾಲ್ಕು ಕೊನೆಯ ನಾಲ್ಕು ಅಕ್ಷರ ನೋಡಿ ‘ಸರಿ ಇದೆ’ ಅನ್ನುವ ಅಭ್ಯಾಸವನ್ನೂ ಬಿಡಿ. ಎಂಟು ಅಕ್ಷರ ಹೊಂದಿಸುವುದಕ್ಕೆ ಸರಾಸರಿ 429 ಕೋಟಿ ಪ್ರಯತ್ನ ಬೇಕು. ಕೇಳುವುದಕ್ಕೆ ದೊಡ್ಡದು, ಇವತ್ತಿನ ಕಂಪ್ಯೂಟರಿಗೆ ಏನೂ ಅಲ್ಲ.

ನಿಮ್ಮದೇ ಪಟ್ಟಿ ಮಾಡಿಕೊಳ್ಳಿ

ಒಂದು ಸಲ ಕೂತು ಪೆನ್‌ಡ್ರೈವ್‌ನಲ್ಲಿರುವುದನ್ನೆಲ್ಲ ಪತ್ತೆ ಮಾಡಿದ ಮೇಲೆ ಅದನ್ನು ಬರೆದಿಡದಿದ್ದರೆ ಮಾಡಿದ ಕೆಲಸ ದಂಡ. ಒಂದು ಟೆಕ್ಸ್ಟ್ ಫೈಲ್ ಸಾಕು. ‘ಶಾ256ಸಮ್’ ಕೊಟ್ಟು ಎಲ್ಲ ಫೈಲುಗಳ ಹ್ಯಾಶ್ ಅದಕ್ಕೆ ಬರೆಸಿ. ಮುಂದೆ ಯಾವಾಗ ಬೇಕಾದರೂ ‘ಶಾ256ಸಮ್ ಮೈನಸ್ ಸಿ’ ಕೊಟ್ಟು ಆ ಪಟ್ಟಿಯ ಹೆಸರು ಹೇಳಿದರೆ ಒಂದೊಂದು ಫೈಲಿನ ಮುಂದೂ ಓಕೆ ಅಥವಾ ಫೇಲ್ಡ್ ಅಂತ ತೋರಿಸುತ್ತದೆ. ಕಂಡಕಂಡ ಕಂಪ್ಯೂಟರಿಗೆ ಚುಚ್ಚಿ ಬಂದ ಪೆನ್‌ಡ್ರೈವ್‌ನಲ್ಲಿ ಯಾವುದಾದರೂ ವೈರಸ್ ಇಎಕ್ಸ್‌ಇ ಫೈಲುಗಳಿಗೆ ಅಂಟಿಕೊಂಡಿದ್ದರೆ ಇಲ್ಲಿ ತಕ್ಷಣ ಗೊತ್ತಾಗುತ್ತದೆ.

ಎರಡು ಕಿರಿಕಿರಿಗಳಿವೆ. ಪಟ್ಟಿಯನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಮಾಡಿ ಲಿನಕ್ಸ್‌ಗೆ ತಂದರೆ ಸಾಲಿನ ಕೊನೆಯಲ್ಲಿ ಕಾಣದ ಒಂದು ಅಕ್ಷರ ಉಳಿದು, ಕಣ್ಣೆದುರೇ ಇರುವ ಫೈಲನ್ನು ಇಲ್ಲ ಅನ್ನಬಹುದು. ವಿಂಡೋಸ್ ಜೊತೆ ಬರುವ ಪವರ್‌ಶೆಲ್‌ನಲ್ಲಿ ಬಾಣದ ಗುರುತು (>) ಹಾಕಿ ಉಳಿಸಿದರೆ ಅದು ಯುಟಿಎಫ್-16 ಅನ್ನುವ ಅಕ್ಷರ ಸಂಕೇತದಲ್ಲಿ ಬರೆಯುತ್ತದೆ, ಅದು ಲಿನಕ್ಸ್‌ನ ಕಮಾಂಡಿಗೆ ಅರ್ಥವೇ ಆಗುವುದಿಲ್ಲ. ‘ಡಾಸ್2ಯುನಿಕ್ಸ್’ ಅನ್ನುವ ಸಣ್ಣ ಟೂಲ್ ಎರಡನ್ನೂ ಸರಿ ಮಾಡುತ್ತದೆ.

ಹಾಕಿ ಆಗಿರುವ ಪ್ಯಾಕೇಜುಗಳ ಫೈಲ್ ಬದಲಾಗಿದೆಯಾ ಅಂತ ನೋಡಬೇಕಾದರೆ ಡೆಬಿಯನ್ ಕಡೆ ‘ಡೆಬ್‌ಸಮ್ಸ್’, ರೆಡ್‌ಹ್ಯಾಟ್ ಕಡೆ ‘ಆರ್‌ಪಿಎಂ ಮೈನಸ್ ವಿ’, ಇಲ್ಲಿ ವಿ ದೊಡ್ಡಕ್ಷರ. ಎರಡನೆಯದರ ಉತ್ತರದಲ್ಲಿ 5 ಅನ್ನುವ ಅಂಕಿ ಕಂಡರೆ ಹ್ಯಾಶ್ ಬದಲಾಗಿದೆ ಅಂತ. ಸೆಟ್ಟಿಂಗ್ಸ್ ಫೈಲ್ ಆದರೆ ನೀವೇ ತಿದ್ದಿರುತ್ತೀರಿ, ಪ್ರೋಗ್ರಾಂ ಫೈಲ್ ಆದರೆ ಕೂತು ವಿಚಾರಿಸಬೇಕಾದ ವಿಷಯ. ಗೋ ಭಾಷೆಯವರು ಮಾತ್ರ ಒಂದು ಗಮನಿಸಿ: ಗೋ ಸಮ್ ಫೈಲಿನ ‘ಎಚ್1’ ಹ್ಯಾಶ್ ಜಿಪ್ ಫೈಲಿನದ್ದಲ್ಲ, ಒಳಗಿನ ಫೈಲುಗಳ ಹ್ಯಾಶ್ ಪಟ್ಟಿಯ ಹ್ಯಾಶ್. ಜಿಪ್ ಮೇಲೆ ಶಾ-256 ತೆಗೆದು ಅದರ ಜೊತೆ ಹೋಲಿಸಿದರೆ ಯಾವತ್ತೂ ಸರಿಬರುವುದಿಲ್ಲ. ಜಾವಾಸ್ಕ್ರಿಪ್ಟ್‌ನವರ ಎನ್‌ಪಿಎಂ ಲಾಕ್ ಫೈಲಿನಲ್ಲಿರುವುದು ಸಾಮಾನ್ಯವಾಗಿ ಬೇಸ್64ರಲ್ಲಿ ಬರೆದ ಶಾ-512, ಹೋಲಿಸುವ ಮುಂಚೆ ರೂಪ ಬದಲಾಯಿಸಿಕೊಳ್ಳಬೇಕು.

ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಫೈಲ್ ಇಡಿ. ಒಂದೊಂದು ಹ್ಯಾಶ್‌ಗೂ ನಿಜವಾದ ಹೆಸರು, ವರ್ಷನ್, ಸೈಜ್, ಎಲ್ಲಿಂದ ಇಳಿಸಿದ್ದು, ಯಾವ ದಿನ, ಯಾವ ಪಟ್ಟಿಯಲ್ಲಿ ಸಿಕ್ಕಿತು ಅಥವಾ ಸಿಗಲಿಲ್ಲ ಅಂತ ಒಂದು ಸಾಲು. ಎರಡರ ಕಾಪಿಯನ್ನೂ ನಿಮಗೇ ಮೇಲ್ ಮಾಡಿಕೊಳ್ಳಿ, ಪೆನ್‌ಡ್ರೈವ್‌ನಲ್ಲಿ ಮಾತ್ರ ಇಟ್ಟರೆ ಫೈಲ್ ಬದಲಾಯಿಸಿದವನು ಪಟ್ಟಿಯನ್ನೂ ಬದಲಾಯಿಸುತ್ತಾನೆ. ಆಮೇಲೆ ಹೊಸ ವರ್ಷನ್ ಬಂದಾಗ ಹಳೆಯ ಇನ್‌ಸ್ಟಾಲರ್ ಅಳಿಸಿದರೂ ಅದರ ಸಾಲನ್ನು ಅಳಿಸಬೇಡಿ. ಕಳಸದ ಯಾವುದೋ ಆಫೀಸಿನ ಕಂಪ್ಯೂಟರ್‌ನಲ್ಲಿ ಅದೇ ಹಳೆಯ ಫೈಲ್ ಬೇರೆ ಹೆಸರಲ್ಲಿ ಇನ್ನೂ ಕೂತಿರುತ್ತದೆ.